ಗೀತಾ ಮಿಸ್ಸಿನ ಮುಡಿ

ಮೊದಲು ಕ್ಷಮೆ ಕೇಳಿಕೊಂಡೇ ಶುರು ಮಾಡಬೇಕು. ಬೆಂಗಳೂರಿನಿಂದ ಆಚೆಗೆ ಕಾಲಿಡದವರು ಸಮುದ್ರ ದಾಟಿ ಬಂದ ಹುಡುಗಿಯೊಬ್ಬಳ ಮನಸ್ಸಿನಲ್ಲಿ ಏನಿತ್ತು ಎಂದು ಹೇಳಲು ಹೊರಡುವುದು ಸ್ವಲ್ಪ ಅತಿಯೇ. ಅವಳ ದೇಶದ ಚಳಿ ಎಂಥದ್ದು, ಅವಳ ತಾಯಿ ಅವಳನ್ನು ಮುದ್ದಿನಿಂದ ಏನೆಂದು ಕರೆಯುತ್ತಿದ್ದಳು, ಒಂದೂ ತಿಳಿಯದು. ಆದರೆ ಅವಳು ಕದಿರಮ್ಮನ ಮನೆಯಲ್ಲಿ ಇದ್ದುದನ್ನು ಕಂಡವರಿದ್ದಾರೆ. ಅವಳೇ ಆಮೇಲೆ ತನಗೆ ಬಂದ ಕನ್ನಡದಲ್ಲಿ ಅಷ್ಟಿಷ್ಟು ಹೇಳಿಕೊಂಡಿದ್ದಾಳೆ. ತಪ್ಪು ಕಂಡರೆ ಅದು ಹೇಳುವವರ ತಪ್ಪು, ಅವಳದಲ್ಲ.

ಹುಡುಗಿಯ ಹೆಸರು ಯಿತ್ಕಾ. ಚೆಕ್ ದೇಶದವಳು, ವಯಸ್ಸು ಇಪ್ಪತ್ತೆರಡು. ಸಂಬಳವಿಲ್ಲದೆ ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಜೂನ್ ತಿಂಗಳಲ್ಲಿ ಬಂದಿದ್ದಳು. ರಾಬರ್ಟ್‌ಸನ್‌ಪೇಟೆಯಲ್ಲಿ ಸಣ್ಣದೊಂದು ಸಂಸ್ಥೆ ನಡೆಸುವ ಕಾಂತರಾಜ್ ಅವಳನ್ನು ಬೇತಮಂಗಲದ ದಾರಿಯಲ್ಲಿರುವ ಕೆಂಪನಕುಂಟೆಗೆ ಕರೆತಂದು, ಕದಿರಮ್ಮನ ಮನೆಯಲ್ಲಿ ಇಳಿಸಿ ಹೋಗಿದ್ದರು. ಮಾರ್ಚಿಯಲ್ಲಿ ಏಳನೇ ತರಗತಿಯವರ ಪರೀಕ್ಷೆ ಮುಗಿಯುವ ತನಕ ಇರುವುದೆಂದು ಮಾತು. ಅವಳ ಹೆಸರು ಯಾರ ನಾಲಿಗೆಗೂ ಒಗ್ಗಲಿಲ್ಲ. ಮಕ್ಕಳಿಗೆ ಅವಳು ಗೀತಾ ಮಿಸ್ಸಾದಳು, ಕದಿರಮ್ಮನಿಗೆ ಗೀತಮ್ಮನಾದಳು.

ಸಂಕ್ರಾಂತಿ ಕಳೆದು ಬಂದ ಗುರುವಾರ ಬೆಳಿಗ್ಗೆ ಅವಳು ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತಿದ್ದಳು. ಕೂರಲು ಜಾಗವಿತ್ತು, ಕೂರಲಾಗಲಿಲ್ಲ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಸುಮ್ಮನೆ ಓಡಾಡುತ್ತಿದ್ದಳು. ಕಡಲೆಕಾಯಿ ಮಾರುವ ಹೆಂಗಸು ನೋಡುತ್ತಲೇ ಇದ್ದಳು.

"ಏನ್ ಮಿಸ್ಸು, ಬೆಂಗ್ಳೂರ್‌ಗಾ?"

"ಇಲ್ಲ. ಫ್ರೆಂಡ್ ಬರ್ತಾಳೆ. ನಮ್ಮೂರಿಂದ."

"ಗಂಡಾ, ಎಣ್ಣಾ?"

"ಹೆಣ್ಣು."

"ಅಷ್ಟೇನಾ," ಎಂದು ಹೆಂಗಸು ಬುಟ್ಟಿಯ ಕಡೆ ತಿರುಗಿದಳು. "ನಾನೇನೋ ಅನ್ಕೊಂಡೆ."

ಬರುತ್ತಿದ್ದವಳು ಬಾರ್ಬೊರಾ. ಮನೆಯವರೂ ಗೆಳತಿಯರೂ ಕರೆಯುವುದು ಬಾರಾ ಎಂದು. ಇಬ್ಬರೂ ಚಿಕ್ಕಂದಿನಿಂದ ಒಂದೇ ಬೆಂಚಿನಲ್ಲಿ ಕೂತವರು. ಬಾರಾ ಈಗ ಬೆನ್ನಿಗೊಂದು ಚೀಲ ಹೇರಿಕೊಂಡು ದೇಶ ಸುತ್ತುತ್ತಿದ್ದಳು. ಶನಿವಾರ ರಾತ್ರಿ ಬಂಗಾರಪೇಟೆಯಲ್ಲಿ ನಿಲ್ಲುವ ಕೇರಳದ ರೈಲಿಗೆ ಎರಡು ಟಿಕೆಟ್ ತೆಗೆದಿದ್ದಳು. ಒಂದು ತನಗೆ, ಇನ್ನೊಂದು ಯಿತ್ಕಾಳಿಗೆ. ಬರುತ್ತೀಯಾ ಎಂದು ಕೇಳಿದ್ದಳು, ಯಿತ್ಕಾ ಬರುತ್ತೇನೆ ಎಂದಿದ್ದಳು. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಕಾಂತರಾಜ್‌ಗೆ ಫೋನಿನಲ್ಲಿ ತಿಳಿಸಿದ್ದಳು. ಅವರು ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, "ಸರಿ ಮೇಡಂ, ಮನೇಲಿ ನೀವೇ ಹೇಳ್ಬಿಡಿ. ನಂಗೆ ಕದಿರಮ್ಮನ ಮುಂದೆ ಬಾಯಿ ಬರಲ್ಲ" ಎಂದಿದ್ದರು.

ಅವಳಿಗೂ ಬಾಯಿ ಬಂದಿರಲಿಲ್ಲ. ಹಾಲು ಕರೆಯುವಾಗ ಹೇಳೋಣವೆಂದು ಕೊಟ್ಟಿಗೆಗೆ ಹೋಗಿ ಹಸುವಿನ ಬೆನ್ನು ಸವರಿ ಬಂದಿದ್ದಳು. ಮುದ್ದೆ ಉಣ್ಣುವಾಗ ಹೇಳೋಣವೆಂದು ಕೂತು ಇನ್ನೊಂದು ಮುದ್ದೆ ಹಾಕಿಸಿಕೊಂಡು ಎದ್ದಿದ್ದಳು.

ರೈಲು ಬಂತು. ಬಾರಾ ಇಳಿದಳು. ಅವಳ ತಲೆ ನೋಡಿ ಯಿತ್ಕಾ ಹೌಹಾರಿದಳು. ಸೊಂಟದ ತನಕ ಕೂದಲಿದ್ದ ಹುಡುಗಿಯ ನೆತ್ತಿಯಲ್ಲಿ ಈಗ ಕೊಯ್ದ ರಾಗಿ ಹೊಲದಂತೆ ಕೂಳೆ ಮಾತ್ರ ಉಳಿದಿತ್ತು.

"ಹೇನು," ಎಂದು ಬಾರಾ ತಮ್ಮ ಭಾಷೆಯಲ್ಲಿ ನಕ್ಕಳು. "ಗೋವಾದ ಹಾಸ್ಟೆಲಿನಲ್ಲಿ ಹತ್ತಿತು. ಬೀದಿಯಲ್ಲೇ ಒಬ್ಬನ ಹತ್ತಿರ ಕೂತು ಬೋಳಿಸಿಬಿಟ್ಟೆ. ನೀನು ಹೇಳಿದೆಯಾ ಅವರಿಗೆ?"

"ಇವತ್ತು ಹೇಳ್ತೀನಿ."

ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಬದಲಿಸಿದರು. ದಾರಿಯಲ್ಲಿ ಕಂಡ ಸೈನೈಡ್ ದಿಬ್ಬಗಳನ್ನು ಬಾರಾ ಫೋಟೋ ತೆಗೆದಳು. ಚಿನ್ನ ಸೋಸಿ ಉಳಿದ ಮಣ್ಣು ಅದು, ಗಾಳಿಗಾಲದಲ್ಲಿ ಮನೆಯೊಳಗೆಲ್ಲ ಬರುತ್ತದೆ ಎಂದು ಯಿತ್ಕಾ ವಿವರಿಸಿದಳು. ತಾನು ಇಲ್ಲಿಯವಳೇ ಎಂಬಂತೆ ಮಾತಾಡುತ್ತಿರುವುದು ಕಿವಿಗೆ ಬಿದ್ದು ಸುಮ್ಮನಾದಳು. ನಾಡಿದ್ದು ಹೊರಡುವವಳಿಗೆ ಈ ಊರಿನ ಮಣ್ಣಿನ ಮೇಲೆ ಏನು ಅಧಿಕಾರ.

ಕದಿರಮ್ಮ ಬಾಗಿಲಲ್ಲೇ ಕಾದಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಮುನಿಸ್ವಾಮಪ್ಪ ಡೇರಿಗೆ ಹಾಲು ಹಾಕಲು ಹೋಗಿದ್ದ. ಮಗ ಅಂಬರೀಶ್ ಪೇಂಟಿಂಗ್ ಕೆಲಸಕ್ಕೆಂದು ಎಂದಿನಂತೆ ಬೆಳಗಿನ ರೈಲು ಹಿಡಿದಿದ್ದ. ಸೊಸೆ ಕಲಾ ಅತ್ತೆಯ ಹಿಂದೆ ನಿಂತು ಹೊಸಬಳನ್ನು ಇಣುಕುತ್ತಿದ್ದಳು.

"ಹೆಸರೇನಂತೆ?" ಎಂದಳು ಕಲಾ.

"ಬಾರಾ."

"ಕರೆಯೋಕೆ ಮುಂಚೇನೇ ಬಂದ್ಲಲ್ಲ ಬಿಡು," ಎಂದು ಕದಿರಮ್ಮ ನಕ್ಕಳು. ಆಮೇಲೆ ಅವಳ ಕಣ್ಣು ಬಾರಾಳ ತಲೆಯ ಮೇಲೆ ಬಿತ್ತು. ನಗು ನಿಂತಿತು. ಮುಖ ಮೆತ್ತಗಾಯಿತು. "ಯಾವ ದೇವ್ರಿಗೆ ಕೊಟ್ಲಮ್ಮ?"

ಯಿತ್ಕಾಳಿಗೆ ಪ್ರಶ್ನೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಈ ಸೀಮೆಯಲ್ಲಿ ಹೆಣ್ಣು ತಲೆ ಬೋಳಿಸಿದಳೆಂದರೆ ಹರಕೆ ತೀರಿಸಿದಳೆಂದೇ ಲೆಕ್ಕ. ಬೇರೆ ಕಾರಣ ಕದಿರಮ್ಮನಿಗೆ ತೋಚುವಂತೆಯೇ ಇರಲಿಲ್ಲ. ಹೇನು ಎಂದರೆ ಆಗುತ್ತಿತ್ತು. ಆದರೆ ಬಾರಾ ಮಲಗಬೇಕಾಗಿದ್ದುದು ಇವರ ಕಂಬಳಿಯ ಮೇಲೆ. ಕಲಾಳ ಮುಖ ಹೇಗಾಗುತ್ತದೆಂದು ಎಣಿಸಿ ಯಿತ್ಕಾ, "ನಮ್ಮೂರ ದೇವರಿಗೆ. ಅವಳ ಅಮ್ಮಂಗೆ ಹುಷಾರಿರ್ಲಿಲ್ಲ" ಎಂದುಬಿಟ್ಟಳು.

"ನಿಮ್ಮಲ್ಲೂ ಕೊಡ್ತಾರಾ?"

"ಹೂಂ. ಕೊಡ್ತಾರೆ."

ಕದಿರಮ್ಮ ದೊಡ್ಡದೊಂದು ಉಸಿರು ಬಿಟ್ಟಳು. ತಲೆಯ ಮೇಲಿನ ಹೊರೆ ಇಳಿಸಿದವರು ಬಿಡುವಂಥ ಉಸಿರು. ಯಾಕೆಂದು ಯಿತ್ಕಾಳಿಗೆ ಆಗ ತಿಳಿಯಲಿಲ್ಲ.

ಸಂಜೆ ಬಾರಾ ಪಾಠ ನೋಡಲು ಬಂದಳು. ಹಳ್ಳಿಯ ಸಮುದಾಯ ಭವನದ ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಮಕ್ಕಳು ಎದ್ದು ನಿಂತು ಒಂದೇ ರಾಗದಲ್ಲಿ, "ಗುಡ್ ಈವ್ನಿಂಗ್ ಮಿಸ್, ಹೌ ಆರ್ ಯೂ ಮಿಸ್, ಐ ಆಮ್ ಫೈನ್ ಥ್ಯಾಂಕ್ಯೂ ಮಿಸ್" ಎಂದರು. ಕೇಳುವ ಪ್ರಶ್ನೆಯನ್ನೂ ಹೇಳುವ ಉತ್ತರವನ್ನೂ ಅವರೇ ಮುಗಿಸಿ ಕೂತರು. ಬಾರಾ ಮುಂದಿನ ಸಾಲಿನ ಹುಡುಗಿಯನ್ನು ಇಂಗ್ಲಿಷಿನಲ್ಲಿ, ಇವತ್ತು ಮಧ್ಯಾಹ್ನ ಏನು ಊಟ ಮಾಡಿದೆ ಎಂದು ಕೇಳಿದಳು. ಹುಡುಗಿ ಯಿತ್ಕಾಳ ಮುಖ ನೋಡಿದಳು. ಪಕ್ಕದವಳು "ಐ ಆಮ್ ಫೈನ್ ಅನ್ನೇ" ಎಂದು ಪಿಸುಗುಟ್ಟಿದಳು. ಎಲ್ಲರೂ ನಕ್ಕರು. ಬಾರಾಳೂ ನಕ್ಕಳು.

ಯಿತ್ಕಾ ಬಂದು ಏಳು ತಿಂಗಳಾಗಿತ್ತು. ಊರಿಗೆ ಫೋನು ಮಾಡಿದಾಗಲೆಲ್ಲ ಮಕ್ಕಳು ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾರೆ ಎಂದು ಹೇಳುತ್ತ ಬಂದಿದ್ದಳು. ಕಲಿಯುತ್ತಿದ್ದುದು ತಾನು ಮಾತ್ರ: ಮುದ್ದೆ ಮುರಿಯುವುದು, ಸೆಗಣಿ ಬಳಿಯುವುದು, ಮನೆಯೊಳಗೆ ತೆಲುಗು, ಪೇಟೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಕೊಟ್ಟದ್ದೇನು ಎಂದು ಕೇಳಿದರೆ ಕೈ ಬರಿದು. ಹೋಗಬೇಕೆನ್ನಿಸಿದ್ದು ಇದಕ್ಕೇ. ಇದ್ದರೂ ಇಲ್ಲದಿದ್ದರೂ ಒಂದೇ ಎನ್ನುವ ಕಡೆ ಎರಡು ತಿಂಗಳು ಹೆಚ್ಚು ಇದ್ದು ಏನು ಮಾಡುವುದು. ಆ ಇರುಳು ಅವಳು ಮಗ್ಗುಲು ಬದಲಿಸುತ್ತಲೇ ಬೆಳಗು ಮಾಡಿದಳು.

ಶುಕ್ರವಾರ ಸಂಜೆ ಎಲ್ಲರೂ ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕಲು ಕೂತರು. ಬಾರಾ ಹಿದುಕಿದ ಬೇಳೆ ಪಾತ್ರೆಗೆ ಬೀಳದೆ ಮುನಿಸ್ವಾಮಪ್ಪನ ಕಿವಿಗೆ ಹೋಗಿ ಬಡಿಯಿತು.

"ಎದುರಿಗೆ ಕೂತ್ಕೋಬೇಡಿ ಮಾವ, ಕಣ್ಣು ಓಗುತ್ತೆ," ಎಂದಳು ಕಲಾ.

ಮುನಿಸ್ವಾಮಪ್ಪ ಎದ್ದು ಜಗಲಿಗೆ ಹೋದ. ಹೇಳುವುದಾದರೆ ಇದೇ ಹೊತ್ತು ಎಂದು ಯಿತ್ಕಾ ಅಂದುಕೊಳ್ಳುವಷ್ಟರಲ್ಲಿ ಕದಿರಮ್ಮನೇ ಕೈ ಒರೆಸಿಕೊಂಡು ಅವಳ ಜಡೆ ಹಿಡಿದಳು. ದಿನಾ ಸಂಜೆ ಎಣ್ಣೆ ಹಚ್ಚಿ ಹೆಣೆಯುತ್ತಿದ್ದವಳು ಅವಳೇ. ಇವತ್ತು ಹೆಣೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

"ಗೀತಮ್ಮ, ಒಂದು ಮಾತು ಬಹಳ ದಿನದಿಂದ ಒಳಗೇ ಐತೆ ಕಣಮ್ಮ. ಮಳೆಗಾಲದಲ್ಲಿ ನೀನು ಜ್ವರ ಬಂದು ಕೋಲಾರದ ಆಸ್ಪತ್ರೇಲಿ ಕಣ್ಣು ಬಿಡ್ದಂಗೆ ಮಲ್ಗಿದ್ದೆ ನೋಡು. ರಕ್ತ ಕಮ್ಮಿ ಆಗೈತೆ ಅಂತ ಡಾಕ್ಟ್ರು ಅಂದ್ರು. ನಂಗೆ ಕೈಕಾಲು ಬಿದ್ದೋಯ್ತು. ಯಾರ ಮನೆ ಮಗಾನೋ, ನಮ್ಮನೇಲಿ ಇಂಗಾಯ್ತಲ್ಲ ಅಂತ. ಬಂಗಾರು ತಿರುಪತಿ ಎಂಕಟ್ರಮಣ, ಈ ಮಗು ಎದ್ರೆ ಇವಳ ಪೂರ್ತಿ ಮುಡಿ ನಿಂಗೆ ಒಪ್ಪಿಸ್ತೀನಿ ಅಂದ್ಬಿಟ್ಟೆ."

ಕಲಾಳ ಕೈಯಲ್ಲಿನ ಅವರೆ ಅಲ್ಲೇ ನಿಂತಿತು. "ಅತ್ತೆ. ನಿಮ್ದು ಕೊಡ್ತೀನಿ ಅನ್ನಬೋದಿತ್ತಲ್ಲ."

"ಒಳೀಲಿಲ್ಲ ಕಣೇ. ಅಂಬರೀಶ ಚಿಕ್ಕೋನಾಗಿದ್ದಾಗ ಅವನಿಗೆ ಉಷಾರಿಲ್ದಾಗೆಲ್ಲ ಅವನ ಮುಡೀನೇ ಅಂತಿದ್ದೆ. ಅದೇ ಬಾಯಿಗೆ ಬಂತು. ಆಮೇಲೆ ಇವಳನ್ನ ಎಂಗೆ ಕೇಳೋದು? ಬೇರೆ ದೇಶ, ಬೇರೆ ದೇವ್ರು. ಕೇಳ್ದೆ ಇದ್ರೆ ಆ ಸ್ವಾಮಿ ಬಿಡ್ತಾನಾ? ಇವಳು ಕೆಮ್ಮಿದ್ರೂ ನನ್ನೆದೆ ಒಡ್ಕೊಳ್ಳೋದು. ನಿನ್ನೆ ಈ ಮಗೂನ ತಲೆ ನೋಡ್ದಾಗ ಜೀವ ಬಂತು. ಇವರಲ್ಲೂ ಕೊಡ್ತಾರೆ, ಇನ್ನು ಕೇಳ್ಬೋದು ಅಂತ."

ಯಿತ್ಕಾಳಿಗೆ ಸಿಟ್ಟು ಬಂತು, ನಗುವೂ ಬಂತು. ಎರಡಕ್ಕೂ ಮಾತು ಸಿಗದೆ, ಸಿಕ್ಕಿಕೊಂಡಿದ್ದ ಇನ್ನೊಂದು ಮಾತು ಹೊರಗೆ ಬಿತ್ತು.

"ನಾಳೆ ನಾನು ಹೋಗ್ತೀನಿ."

"ಹೂಂ, ನಾಳೆ ಶನಿವಾರ, ಒಳ್ಳೇದೇ. ನಾಳೇನೇ ಓಗಣ."

"ಅಲ್ಲಿಗಲ್ಲ. ಊರು ಬಿಟ್ಟು. ಬಾರಾ ಜೊತೆ. ರಾತ್ರಿ ರೈಲಿಗೆ. ಮತ್ತೆ ಬರಲ್ಲ."

ಬಾರಾ ಒಬ್ಬಳೇ ಏನೂ ತಿಳಿಯದೆ ಅವರೆ ಹಿದುಕುತ್ತಿದ್ದಳು. "ಪರೀಕ್ಷೆ?" ಎಂದಳು ಕಲಾ ಮೆಲ್ಲಗೆ. ಯಿತ್ಕಾ ತಲೆ ತಗ್ಗಿಸಿದಳು. ಬೈಯುತ್ತಾರೆ, ಅಳುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ ಎಂದು ಕಾದಳು. ಕದಿರಮ್ಮ ಜಡೆ ಬಿಟ್ಟು ಮತ್ತೆ ಅವರೆಗೆ ಕೈ ಹಾಕಿದಳು.

"ಅಂಗಾದ್ರೆ ಬೆಳಿಗ್ಗೆ ಮೊದಲ ಬಸ್ಸಿಗೇ ಓಗಣ. ಮಧ್ಯಾಹ್ನಕ್ಕೆಲ್ಲ ಬಂದ್ಬಿಡ್ಬೋದು. ನಿನ್ನ ರೈಲಿಗೇನೂ ತೊಂದ್ರೆ ಇಲ್ಲ."

ಅಷ್ಟೇ. ಯಿತ್ಕಾ ಇಷ್ಟು ದಿನ ಹೆದರಿದ್ದು ಈ ಮನೆಯವರನ್ನು ನೋಯಿಸುತ್ತೇನೆಂದು. ಈಗ ನೊಂದವಳು ಅವಳೇ.

ಹೊರಗೆ ಹುಣಸೆಮರದ ಕೆಳಗೆ, ತಾನು ಹೇಳಿದ ಸುಳ್ಳೊಂದನ್ನು ಬಿಟ್ಟು, ಬಾರಾಳಿಗೆ ಎಲ್ಲ ಹೇಳಿದಳು. ಬಾರಾ ಮೊದಲು ನಂಬಲಿಲ್ಲ, ಆಮೇಲೆ ಕೆರಳಿದಳು.

"ಕೂದಲು ನಿನ್ನದು. ಕೊಡುತ್ತೇನೆ ಅನ್ನಲು ಅವಳಾರು?"

"ನಾನು ಸತ್ತುಹೋಗ್ತೀನಿ ಅಂತ ಹೆದರಿದ್ದಳು."

"ಹಾಗಂತ? ಆಗುವುದಿಲ್ಲ ಅನ್ನು."

"ಕೊಟ್ಟುಬಿಡ್ತೀನಿ ಬಾರಾ. ನೀನು ಹೇನಿಗೆ ಕೊಟ್ಟೆ, ನಾನು ಇದಕ್ಕೆ ಕೊಡ್ತೀನಿ. ಪಾಠ ಕೊಡೋಕೆ ಆಗಲಿಲ್ಲ. ಇದಾದರೂ ಆಗುತ್ತೆ ನನ್ನ ಕೈಲಿ. ಆಮೇಲೆ ನಿಶ್ಚಿಂತೆಯಾಗಿ ಹೊರಡಬಹುದು."

ಬಾರಾ ಅವಳನ್ನು ದಿಟ್ಟಿಸಿ ನೋಡಿದಳು. "ಅಂದರೆ ಬಿಡುಗಡೆಗೆ."

"ಹಾಗೇ ಅನ್ನು."

ಶನಿವಾರ ಬಂಗಾರು ತಿರುಪತಿಯಲ್ಲಿ ಜನವೋ ಜನ. ಮುಡಿ ತೆಗೆಯುವ ಕಟ್ಟೆಯ ಮುಂದೆ ಸಾಲು ಬೆಳೆದಿತ್ತು. ಯಿತ್ಕಾ ಜಡೆ ಬಿಚ್ಚಿಕೊಂಡು ನಿಂತಳು. ಕದಿರಮ್ಮ ಮುಂದಿನವರನ್ನು, "ಊರಿಗೆ ಓಗೋ ಮಗು, ಸ್ವಲ್ಪ ಬಿಡ್ರಮ್ಮ" ಎಂದು ಬೇಡಿಕೊಳ್ಳುತ್ತಿದ್ದಳು. ಸಾಲಿನ ಹೆಂಗಸರ ಕಣ್ಣು ಬಾರಾಳ ಮೇಲೆ.

"ಈಯಮ್ಮ ಆಗ್ಲೇ ಕೊಟ್ಟವ್ಳಾ?" ಎಂದಳೊಬ್ಬ ಮುದುಕಿ ತೆಲುಗಿನಲ್ಲಿ.

"ಅವ್ರಮ್ಮಂಗೆ ಕಾಯಿಲೆ ಆಗಿತ್ತಂತೆ," ಕದಿರಮ್ಮನ ದನಿಯಲ್ಲಿ ಹೆಮ್ಮೆಯಿತ್ತು. "ಅವ್ರೂರ ದೇವ್ರಿಗೆ ಕೊಟ್ಟು ಬಂದವ್ಳೆ. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಭಕ್ತಿ ನೋಡ್ರಿ."

ಮುದುಕಿ ಕೈ ಚಾಚಿ ಬಾರಾಳ ನೆತ್ತಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ತಾಯಿ ಈಗ ಚೆನ್ನಾಗಿದ್ದಾಳಾ ಎಂದು ಮತ್ತೊಬ್ಬಳು ಕೇಳಿದಳು. ಬಾರಾ ಎಲ್ಲರಿಗೂ ನಗುತ್ತ ತಲೆ ಬಗ್ಗಿಸಿ ಕೊಟ್ಟಳು, ಏನಾಗುತ್ತಿದೆಯೆಂದು ಅವಳಿಗೇನು ಗೊತ್ತು. ಯಿತ್ಕಾಳಿಗೆ ಈ ದೇವರಲ್ಲಿ ನಂಬಿಕೆಯಿರಲಿಲ್ಲ, ತನ್ನ ಊರಿನ ದೇವರಲ್ಲೂ ಇರಲಿಲ್ಲ. ಆದರೆ ನಂಬಿದವರು ಹೇನಿನ ತಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನೋಡಿಕೊಂಡು ನಿಲ್ಲಲು ಆಗಲಿಲ್ಲ.

"ಕದಿರಮ್ಮ." ಅವಳು ಸೆರಗು ಹಿಡಿದು ಪಕ್ಕಕ್ಕೆಳೆದಳು. "ಸುಳ್ಳು ಹೇಳ್ದೆ ನಾನು. ಅವಳು ದೇವರಿಗೆ ಕೊಟ್ಟಿಲ್ಲ. ಹೇನಾಗಿತ್ತು. ಅದಕ್ಕೆ ಬೋಳಿಸಿದ್ದು. ಅಮ್ಮ ಚೆನ್ನಾಗೇ ಇದಾರೆ. ನಮ್ಮೂರಲ್ಲಿ ಯಾರೂ ಕೊಡಲ್ಲ."

ಕದಿರಮ್ಮ ಬಾರಾಳ ತಲೆ ನೋಡಿದಳು. ಅದನ್ನು ಮುಟ್ಟುತ್ತಿದ್ದ ಹೆಂಗಸರನ್ನು ನೋಡಿದಳು. ಬಾಯಿಗೆ ಸೆರಗು ಅಡ್ಡ ಹಿಡಿದು ಭುಜ ಕುಣಿಯುವಂತೆ ನಕ್ಕಳು. ನಗು ಮುಗಿದ ಮೇಲೆ ಮುಖ ಬೇರೆಯಾಗಿತ್ತು.

"ಯಾರೂ ಕೊಡಲ್ವಾ?"

"ಇಲ್ಲ. ಆದ್ರೆ ನಾನು ಕೊಡ್ತೀನಿ. ಪೂರ್ತಿ. ನನಗೆ ಬೇಜಾರಿಲ್ಲ."

"ನಿಂಗೆ ಬೇಜಾರಿಲ್ಲ, ಸರಿ. ನಿಂಗೆ ಕೂದ್ಲು ಅಷ್ಟೇ ಅದು. ನಾಳೆ ನಿಮ್ಮಮ್ಮ ಬಾಗ್ಲಲ್ಲಿ ನಿಂತು ನೋಡಿ, ಯಾವಳವಳು ನನ್ನ ಮಗಳ ತಲೆ ಬೋಳಿಸ್ದೋಳು ಅಂದ್ರೆ? ನಿಮ್ಮಲ್ಲೂ ಐತೆ ಅಂದಿದ್ಕೆ ಕೇಳ್ದೆ. ಇಲ್ದೆ ಇದ್ರೆ ಕೇಳೋಕೆ ನಾನ್ಯಾರು."

"ಬೋಳಿಸದೆ ಮೂರು ಕತ್ತರಿ ಕೂದಲು ಕೊಟ್ರೂ ಆಗುತ್ತೆ ಅಂತ ಕಲಾ ಹೇಳಿದ್ಲು."

"ಮೂರು ಕತ್ತರಿ ಅಂತ ಬೇಡ್ಕೊಂಡೋರಿಗೆ ಆಗುತ್ತೆ. ನಾನು ಪೂರ್ತಿ ಅಂದಿದ್ದೆ. ಅಂದೋಳು ನಾನು. ಇದನ್ನ ಇಡ್ಕೋ."

ಕಿವಿಯ ಓಲೆಗಳನ್ನು ಬಿಚ್ಚಿ ಯಿತ್ಕಾಳ ಅಂಗೈಯಲ್ಲಿಟ್ಟು, ಕದಿರಮ್ಮ ತಾನೇ ಸಾಲಿನಲ್ಲಿ ನಿಂತಳು. ಯಿತ್ಕಾ ಬೇಡ ಎಂದಳು, ಕೈ ಹಿಡಿದೆಳೆದಳು. ಕದಿರಮ್ಮ "ಸುಮ್ನಿರು ತಲ್ಲೀ, ಜನ ನೋಡ್ತಾರೆ" ಎಂದಳಷ್ಟೇ. ಸರದಿ ಬಂದಾಗ ಕಟ್ಟೆಯ ಮೇಲೆ ಕೂತು ತಲೆ ಬಗ್ಗಿಸಿದಳು. ನರೆ ಬೆರೆತ ತೆಳುವಾದ ಗಂಟು. ನೀರು ಚಿಮುಕಿಸಿ ಕತ್ತಿ ಹಚ್ಚಿದವನು ಒಂದು ಹಾಡು ಗುನುಗಿ ಮುಗಿಸುವಷ್ಟರಲ್ಲಿ ಕೆಲಸ ಮುಗಿಸಿದ. ಗಂಧ ಬಳಿಸಿಕೊಂಡು, ಸೆರಗು ಹೊದ್ದು, ದರ್ಶನ ಮಾಡಿಕೊಂಡು ಬಂದವಳು ಯಿತ್ಕಾಳಿಗೆ ಹೇಳಿದ್ದು ಇಷ್ಟೇ: "ಇನ್ನೇನೂ ಬಾಕಿ ಇಲ್ಲ. ನೆಮ್ಮದಿಯಾಗಿ ಓಗು."

ವಾಪಸು ಬರುವ ಬಸ್ಸಿನಲ್ಲಿ ಕದಿರಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಗಾಳಿಗೆ ಸೆರಗು ಜಾರಿದಾಗಲೆಲ್ಲ ಗಂಧ ಬಳಿದ ತಲೆ ಕಾಣುತ್ತಿತ್ತು, ಅವಳು ಮತ್ತೆ ಎಳೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಯಿತ್ಕಾ ಬಿಚ್ಚಿದ ಜಡೆಯಲ್ಲೇ ಕೂತಿದ್ದಳು. ಕೊಟ್ಟು ಹಗುರಾಗೋಣವೆಂದು ಹೋಗಿದ್ದ ಕೂದಲು ಬೆನ್ನಿನ ಮೇಲೆ ಒದ್ದೆ ಗೋಣಿಯಂತೆ ಬಿದ್ದಿತ್ತು.

ಮನೆಯಲ್ಲಿ ಕಲಾ ಅತ್ತೆಯ ತಲೆಯನ್ನೊಮ್ಮೆ ನೋಡಿ, ಹೋಗಿ ಅನ್ನಕ್ಕಿಟ್ಟಳು. ಯಿತ್ಕಾಳ ಚೀಲ ಮೂಲೆಯಲ್ಲಿ ಕಟ್ಟಿದಂತೆಯೇ ಇತ್ತು. ಅವಳು ಅದನ್ನೆತ್ತಿ ಜಗಲಿಗೆ ತಂದಳು, ಮತ್ತೆ ಒಳಗಿಟ್ಟಳು. ಇನ್ನೊಮ್ಮೆ ತಂದಳು. ಅಂಬರೀಶ್ ಬಾರಾಳನ್ನು ಬಂಗಾರಪೇಟೆಗೆ ಬಿಡಲು ಬೈಕು ಹೊರಗೆ ತೆಗೆದ. ಯಿತ್ಕಾಳಿಗಾಗಿ ಅವನ ಗೆಳೆಯನ ಬೈಕೂ ಬಂದು ನಿಂತಿತ್ತು.

"ನೀನು ಹೋಗು," ಎಂದಳು ಯಿತ್ಕಾ. "ಇವತ್ತು ನನ್ನ ಕೈಲಿ ಆಗಲ್ಲ."

ಬಾರಾಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಕಟ್ಟಿಹಾಕಿದಳು ನಿನ್ನನ್ನ."

"ಇಲ್ಲ. ಹೋಗು ಅಂದಳು."

"ಅದೇ ನಾನು ಹೇಳುತ್ತಿರುವುದು." ಅವಳು ಯಿತ್ಕಾಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಒಳಗೆ ಹೋಗಿ ಕದಿರಮ್ಮನ ಮುಂದೆ ನಿಂತು, ಏನು ಹೇಳಬೇಕೆಂದು ತೋಚದೆ, ತನ್ನ ಕೂಳೆ ತಲೆಯನ್ನೊಮ್ಮೆ ಅವಳ ಬೋಳು ತಲೆಯನ್ನೊಮ್ಮೆ ತೋರಿಸಿ ನಕ್ಕಳು. ಕದಿರಮ್ಮನೂ ನಕ್ಕು, ಹಿದುಕಿದ ಬೇಳೆಯ ಹುರಿಗಾಳಿನ ಪೊಟ್ಟಣವೊಂದನ್ನು ಅವಳ ಚೀಲಕ್ಕೆ ತುರುಕಿದಳು. ಬೈಕು ಹೋಯಿತು.

ನಾಳೆ ಹೋದರಾಯಿತು ಎಂದುಕೊಂಡ ಯಿತ್ಕಾ ಭಾನುವಾರ ಹೋಗಲಿಲ್ಲ. ಸೋಮವಾರ ಸಂಜೆ ಜಗಲಿಯಲ್ಲಿ ಮಕ್ಕಳು ಎದ್ದು ನಿಂತು ರಾಗ ತೆಗೆಯುವ ಮೊದಲೇ ಕೈ ಎತ್ತಿ ನಿಲ್ಲಿಸಿದಳು. ಮಧ್ಯಾಹ್ನ ಏನು ಊಟ ಮಾಡಿದಿರಿ ಎಂದು ಒಬ್ಬೊಬ್ಬರನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಉತ್ತರ ಬರಲು ಬಹಳ ಹೊತ್ತಾಯಿತು. ಕೆಲವರಿಂದ ಬರಲೇ ಇಲ್ಲ. ಅವಳು ಮಾರ್ಚಿಯ ಪರೀಕ್ಷೆ ಮುಗಿಯುವ ತನಕ ಇದ್ದಳು. ಕೆಲವು ಮಕ್ಕಳಿಗೆ ಒಳ್ಳೆಯ ಅಂಕ ಬಂತು, ಕೆಲವರಿಗೆ ಬರಲಿಲ್ಲ. ಅವಳಿಲ್ಲದಿದ್ದರೂ ಹಾಗೇ ಆಗುತ್ತಿತ್ತೋ ಏನೋ.

ಅವಳು ಯಾಕೆ ಉಳಿದಳು ಎಂಬುದಕ್ಕೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಕ್ಕಳಿಗಾಗಿ ಎಂದು ಕಾಂತರಾಜ್, ಅತ್ತೆಯ ತಲೆ ನೋಡಲಾಗದೆ ಎಂದು ಕಲಾ. ಅವಳನ್ನೇ ಕೇಳಿದಾಗ ಗೊತ್ತಿಲ್ಲ ಎಂದಿದ್ದಳು. ಒಬ್ಬರ ಹೆಸರಿನಲ್ಲಿ ಹೊತ್ತ ಹರಕೆಗೆ ಇನ್ನೊಬ್ಬರ ಮುಡಿ ಸಲ್ಲುತ್ತದೆಯೇ ಎಂದು ಕೇಳಿದರೆ ಕೆಲವರು ಸಲ್ಲುತ್ತದೆ ಅನ್ನುತ್ತಾರೆ, ಕೆಲವರು ಇಲ್ಲ ಅನ್ನುತ್ತಾರೆ. ಸಂದಿತೋ ಇಲ್ಲವೋ, ಈ ಕಥೆ ಹೇಳುವವರಿಗೂ ಗೊತ್ತಿಲ್ಲ.